ಆಂಡ್ರೆಯ್ ಗೆದ್ದ ಕಾರ್ಡು

ಲೆನ್ ವಿಶ್ನೆಸ್ಕಿಯ ಔಷಧದ ಅಂಗಡಿಯಿಂದ ಕೋಲೀನ್ ಬರಿಗೈಯಲ್ಲಿ ಹೊರಗೆ ಬಂದದ್ದು ಮೂವತ್ತನಾಲ್ಕು ವರ್ಷಗಳಲ್ಲಿ ಅದೇ ಮೊದಲು. ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲಿನ ಊರಿಗೆ ಮದುವೆಯಾಗಿ ಬಂದಾಗಿನಿಂದ ಅವಳದು ಅದೇ ಅಂಗಡಿ. ಮಗಳ ಕೆಮ್ಮಿಗೆ, ಮಾವನ ಎದೆಗೆ, ಈಗ ಅತ್ತೆಯ ರಕ್ತಕ್ಕೆ. ಗಣಿ ಮುಚ್ಚಿ ಯಾವ ಕಾಲವಾಯಿತೋ, ಲೆನ್ ಮಾತ್ರ ಬಾಗಿಲು ಹಾಕಿರಲಿಲ್ಲ.

"ಎರಡೂ ಕಾರ್ಡು ಹಾಕಿ ನೋಡಿದೆ ಕೋಲೀನ್," ಅಂದ ಲೆನ್, ಕನ್ನಡಕವನ್ನು ಹಣೆಗೇರಿಸಿಕೊಂಡು. "ವಾಷಿಂಗ್ಟನ್ ಕಡೆಯದು, ಅಂದ್ರೆ ಕೇಂದ್ರದ್ದು, ಈ ಅಂಗಡಿ ನಮ್ಮ ಪಟ್ಟೀಲೇ ಇಲ್ಲ ಅನ್ನುತ್ತೆ. ರಾಜ್ಯದ್ದು, ಮೊದಲು ವಾಷಿಂಗ್ಟನ್ ಕೊಡಲಿ, ಉಳಿದದ್ದು ನಾನು ನೋಡ್ಕೋತೀನಿ ಅನ್ನುತ್ತೆ."

"ಹೋದ ತಿಂಗಳು ಎಲ್ಲ ಸರಿಯಿತ್ತಲ್ಲ?"

"ಹೋದ ತಿಂಗಳು ನಿಮ್ಮತ್ತೆ ಬೇರೆ ಯೋಜನೇಲಿದ್ರು. ಜನವರಿ ಒಂದರಿಂದ ಬದಲಾಗಿದೆ. ಸಹಿ ಹಾಕಿದಾರೆ."

"ಯಾರು?"

"ಇನ್ಯಾರು ಹಾಕೋಕಾಗುತ್ತೆ? ಅವರೇ."

ಕಾರ್ಡಿಲ್ಲದೆ ಒಂದು ತಿಂಗಳ ಮಾತ್ರೆಗೆ ಎಷ್ಟಾಗುತ್ತದೆ ಅಂತ ಕೇಳಿದಳು. ಲೆನ್ ಹೇಳಿದ. ಶಾಲೆಯ ಅಡುಗೆಮನೆಯಲ್ಲಿ ಇಡೀ ವಾರ ಪಾತ್ರೆಯ ಮುಂದೆ ನಿಂತರೂ ಅಷ್ಟು ಅವಳ ಕೈಗೆ ಬರುತ್ತಿರಲಿಲ್ಲ. ಹೋದ ತಿಂಗಳವರೆಗೂ ಅದೇ ಮಾತ್ರೆಗೆ ಅತ್ತೆ ಕೊಡುತ್ತಿದ್ದದ್ದು ಹದಿನೈದು ಡಾಲರ್. ವಯಸ್ಸಾದವರಿಗೆಂದು ರಾಜ್ಯದ ಕಚೇರಿಯವರು ಕೇಂದ್ರದ ಪರವಾಗಿ ಇನ್ಶೂರೆನ್ಸ್ ಕಂಪನಿಗಳು ನಡೆಸುವ ಯೋಜನೆಗಳಲ್ಲಿ ಒಳ್ಳೆಯದೊಂದನ್ನು ತಾವೇ ಆರಿಸಿ, ಅದರ ಕಂತನ್ನೂ ತಾವೇ ಕಟ್ಟಿ, ಅದು ಕೊಟ್ಟು ಉಳಿದದ್ದನ್ನು ತಾವು ತುಂಬುತ್ತಿದ್ದರು. ಎರಡು ಎತ್ತು ಒಂದೇ ನೊಗಕ್ಕೆ ಕಟ್ಟಿದ ಹಾಗೆ ನಡೆದುಕೊಂಡು ಹೋಗುತ್ತಿತ್ತು. ಈಗ ಒಂದು ಎತ್ತು ಯಾರದೋ ಹೊಲದಲ್ಲಿ ನಿಂತಿದೆ.

"ಮನೇಲಿ ಮಾತ್ರೆ ಎಷ್ಟಿದೆ?" ಲೆನ್ ಕೇಳಿದ.

"ಒಂಬತ್ತು ದಿನಕ್ಕಿರಬೇಕು."

"ಒಂದು ದಿನಾನೂ ತಪ್ಪಿಸಬಾರದು. ಗೊತ್ತಲ್ಲ?"

ಗೊತ್ತಿತ್ತು. ಮೂರು ವರ್ಷದ ಹಿಂದೆ ಗಸಗಸೆ ಅರೆಯುತ್ತಾ ಕೂತಿದ್ದ ಅತ್ತೆಯ ಬಾಯಿ ಇದ್ದಕ್ಕಿದ್ದ ಹಾಗೆ ಒಂದು ಕಡೆಗೆ ವಾಲಿದ್ದನ್ನು ಮೊದಲು ನೋಡಿದವಳೇ ಕೋಲೀನ್. ರಕ್ತ ಹೆಪ್ಪುಗಟ್ಟಿ ತಲೆಗೇರಿತ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು, ಜೀವ ಇರುವ ತನಕ ಈ ಮಾತ್ರೆ ಅಂತ ಡಾಕ್ಟರು ಬರೆದುಕೊಟ್ಟಿದ್ದರು.

ಮನೆಗೆ ಬಂದರೆ ಅತ್ತೆ ಎಲೆಕೋಸು ಹೆಚ್ಚುತ್ತಿದ್ದರು. ಪೆಲಾಗಿಯಾ ಫೆಡೋರ್ಚಾಕ್, ಎಂಬತ್ನಾಲ್ಕು ವರ್ಷ, ಆಳು ಕುಳ್ಳು, ದನಿ ದೊಡ್ಡದು. ಮನೆಯಲ್ಲಿ, ಇಗರ್ಜಿಯಲ್ಲಿ, ಬೀದಿಯಲ್ಲಿ ಎಲ್ಲರಿಗೂ ಅವರು ಬಾಬಾ. ಗಣಿ ಕೆಲಸಕ್ಕೆ ಸಮುದ್ರ ದಾಟಿ ಬಂದ ಆ ಮಂದಿಯಲ್ಲಿ ಬಾಬಾ ಅಂದರೆ ಅಜ್ಜಿ, ಗಡ್ಡ ಬಿಟ್ಟವರಲ್ಲ. ಕೋಲೀನ್ ಒಬ್ಬಳೇ ಅವರನ್ನು ಅಮ್ಮ ಅನ್ನುತ್ತಿದ್ದಳು. ಐರಿಷ್ ಮನೆಯಿಂದ ಬಂದ ಸೊಸೆ ಎಷ್ಟು ಸಲ ಅಮ್ಮ ಅಂದರೂ ಬಾಬಾ ಒಂದು ದಿನವೂ ಮಗಳೇ ಅಂದಿರಲಿಲ್ಲ. ನೆಂಟರ ಮುಂದೆ "ವಾಸಿಲನ ಹೆಂಡತಿ" ಅನ್ನುತ್ತಿದ್ದರು, ಅಷ್ಟೇ.

ಊಟಕ್ಕೆ ನಾಲ್ವರೂ ಕೂತರು. ಬೆಣ್ಣೆಯಲ್ಲಿ ಹುರಿದ ಎಲೆಕೋಸು, ಅದಕ್ಕೆ ಬೆರೆಸಿದ ಹಿಟ್ಟಿನ ತುಣುಕು. ಬಾಬಾ ಮಾಡುವ ಹಲೂಷ್ಕಿಗೆ ಆ ಬೀದಿಯಲ್ಲೇ ಹೆಸರು. ಕೋಲೀನ್ ಬಡಿಸಿಕೊಳ್ಳುವ ಮೊದಲೇ ಕೇಳಿದಳು.

"ಅಮ್ಮ, ಡಿಸೆಂಬರಲ್ಲಿ ಯಾವುದಾದ್ರೂ ಕಾಗದಕ್ಕೆ ಸಹಿ ಹಾಕಿದ್ರಾ?"

"ನಾನು ಯಾವ ಕಾಗದಕ್ಕೂ ಸಹಿ ಹಾಕಲ್ಲ. ನಿನಗೇ ಗೊತ್ತಲ್ಲ."

ಅದು ಚುಚ್ಚು ಮಾತು. ಪಾರ್ಶ್ವ ಹೊಡೆದ ವರ್ಷ, ಕಚೇರಿಗಳ ಜೊತೆ ನಿಮ್ಮ ಪರವಾಗಿ ನಾನು ಮಾತಾಡುವಂತೆ ಒಂದು ಅರ್ಜಿಗೆ ಸಹಿ ಹಾಕಿ ಅಂತ ಕೋಲೀನ್ ಕೇಳಿದ್ದಳು. ಬಾಬಾ ಆ ಕಾಗದವನ್ನು ಮಡಿಚಿ ಮೇಜಿನ ಅಲುಗುವ ಕಾಲಿನ ಕೆಳಗೆ ಇಟ್ಟಿದ್ದರು. ಈಗಲೂ ಅಲ್ಲೇ ಇತ್ತು.

"ಲೆನ್ ಹೇಳ್ತಾನೆ ಹಾಕಿದೀರಿ ಅಂತ. ಯಾರು ಬಂದಿದ್ರು?"

ಬಾಬಾ ಒಂದು ತುತ್ತು ನುಂಗಿದರು. "ಯಾರೂ ಇಲ್ಲ. ಸೊಪ್ಕೊ ಮನೆ ಹುಡುಗ ಬಂದಿದ್ದ."

"ಕೆವಿನ್ ಸೊಪ್ಕೊ?" ಮೊಮ್ಮಗಳು ನೀನಾ ತಲೆಯೆತ್ತಿದಳು. "ಬಾಬಾ, ಅವನು ಇನ್ಶೂರೆನ್ಸ್ ಮಾರೋನು!"

"ಏನಾದ್ರೂ ಮಾರಲಿ. ಆರು ವರ್ಷ ಕ್ರಿಸ್‌ಮಸ್ಸಿಗೆ ಹುಡುಗರ ಜೊತೆ ಹಾಡ್ತಾ, ಮರದ ಪುಟ್ಟ ಬೆತ್ಲೆಹೇಮ್ ಗುಡಿ ಹೊತ್ಕೊಂಡು ನಮ್ಮ ಮನೇಗೆ ಬಂದ ಮಗು. ಕುರಿತುಪ್ಪಟ ಹಾಕ್ಕೊಂಡು ಆಟದಲ್ಲಿ ಮುದಿ ಕುರುಬ ಆಗ್ತಿದ್ದ. ಇಲ್ಲೇ, ಈ ನೆಲದ ಮೇಲೆ ಬಿದ್ದು ಗೊರಕೆ ಹೊಡೆಯೋ ಹಾಗೆ ನಟಿಸ್ತಿದ್ದ. ನಿಮ್ಮಜ್ಜ ನಕ್ಕೂ ನಕ್ಕೂ ಕೆಮ್ಮು ಹತ್ತಿಸ್ಕೋತಿದ್ದ."

"ಅದಕ್ಕೆ?" ಕೋಲೀನ್ ಕೇಳಿದಳು.

"ಅದಕ್ಕೆ ಅಂದ್ರೆ? ಕ್ರಿಸ್‌ಮಸ್ ತಿಂಗಳು, ಮನೆಗೆ ಬಂದ. ಹಾಡು ಅಂದೆ. ಅರ್ಧ ಮರೆತುಬಿಟ್ಟಿದ್ದ, ಪಾಪ, ಆದರೂ ಹಾಡಿದ. ಹಾಡಿದವನನ್ನ ಬರಿಗೈಲಿ ಕಳಿಸ್ತಾರಾ? ಏನು ಬೇಕಪ್ಪಾ ಅಂದೆ. ಒಂದು ಸಹಿ ಅಂದ. ಹಾಕಿದೆ."

ವಾಸಿಲ್ ಚಮಚ ಕೆಳಗಿಟ್ಟ. ಅರವತ್ತೊಂದರ ಗಂಡಸು, ಇಡೀ ದಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಬಂದವನಿಗೆ ಮನೆಯ ಜಗಳ ಅಂದರೆ ಬೆನ್ನುನೋವಿಗಿಂತ ಕಷ್ಟ. "ಅಮ್ಮಾ, ಹುಡುಗ್ರಿಗೆ ಒಂದು ಡಾಲರ್ ಕೊಟ್ಟು ಕಳಿಸೋದು ಪದ್ಧತಿ."

"ಮೂವತ್ತೆಂಟು ವರ್ಷದವನಿಗೆ ಒಂದು ಡಾಲರ್ ಕೊಡ್ಲಾ?"

ನೀನಾಗೆ ನಗು ಬಂತು. ತಾಯಿಯ ಮುಖ ನೋಡಿ ನುಂಗಿಕೊಂಡಳು.

"ಬೇರೆ ಕಾರ್ಡಿದೆಯಾ ಅಂತ ಅವನು ಕೇಳಲಿಲ್ವಾ?" ಕೋಲೀನ್ ಬಿಡಲಿಲ್ಲ.

"ಕೇಳಿದ. ಬೇರೇನೂ ಇಲ್ಲ, ನನ್ನ ಆಂಡ್ರೆಯ್ ಗೆದ್ದದ್ದು ಒಂದಿದೆ ಅಂದೆ. ನಕ್ಕ."

ಕೋಲೀನ್ ಹಣೆಗೆ ಕೈ ಹಚ್ಚಿಕೊಂಡಳು. ರಾಜ್ಯದ ಕಾರ್ಡಿಗೆ ಆ ಮನೆಯಲ್ಲಿ ಅದೇ ಹೆಸರು. ಲಾಟರಿಯಿಂದ ಬಂದ ಹಣದಲ್ಲೇ ರಾಜ್ಯದವರು ಮುದುಕರ ಔಷಧಕ್ಕೆ ಕೊಡುವುದು. ಮಾವ ಆಂಡ್ರೆಯ್ ನಲವತ್ತು ವರ್ಷ ಪ್ರತಿ ಶುಕ್ರವಾರ ಒಂದೇ ಒಂದು ಟಿಕೆಟ್ ತೆಗೆದುಕೊಂಡು ಒಂದು ಸಲವೂ ಗೆದ್ದಿರಲಿಲ್ಲ. ಮೊದಲ ಸಲ ಆ ಕಾರ್ಡು ಅಂಚೆಯಲ್ಲಿ ಬಂದ ದಿನ ಅದನ್ನು ಹೆಂಡತಿಯ ಮುಂದೆ ಬೀಸಿ, "ನೋಡೇ, ಕೊನೆಗೂ ಹೊಡೀತು!" ಅಂದಿದ್ದ. ಅವನು ಹೋಗಿ ಹನ್ನೊಂದು ವರ್ಷ. ಬಾಬಾ ಪಾಲಿಗೆ ಅದು ಸರ್ಕಾರದ್ದಲ್ಲ, ಇನ್ಶೂರೆನ್ಸ್ ಅಲ್ಲ. ಗಂಡ ಗೆದ್ದು ತಂದದ್ದು.

"ಕಚೇರಿಯವರು ಕಾಗದ ಕಳಿಸಿರಲೇಬೇಕಲ್ಲ, ನಿಮ್ಮ ಯೋಜನೆ ಬದಲಾಗಿದೆ ಅಂತ?"

ನೀನಾ ಎದ್ದು ಫ್ರಿಜ್ಜಿನ ಬಾಗಿಲಿನಿಂದ ಒಂದು ಕಾಗದ ಕಿತ್ತು ತಂದಳು. ಒಂದು ಕಡೆ ಬಾಬಾನ ಕೈಬರಹ: ಇಗರ್ಜಿಯ ಕಡುಬಿನ ಮಾರಾಟಕ್ಕೆ ಯಾರು ಯಾರು ಎಷ್ಟು ಡಜನ್ ಹೇಳಿದ್ದಾರೆ ಅಂತ. ಇನ್ನೊಂದು ಕಡೆ ರಾಜ್ಯದ ಮೊಹರು: ನಾವು ಆರಿಸಿದ ಯೋಜನೆಯನ್ನು ನೀವು ಬಿಟ್ಟಿರುವಂತೆ ಕಾಣುತ್ತದೆ, ಕೂಡಲೇ ಫೋನ್ ಮಾಡಿ.

"ಹಿಂದ್ಗಡೆ ಖಾಲಿ ಇತ್ತು," ಅಂದರು ಬಾಬಾ.

ಮಾರನೆಯ ದಿನದಿಂದ ಕೋಲೀನ್ ಸೊಂಟ ಕಟ್ಟಿ ನಿಂತಳು. ಶಾಲೆಯಲ್ಲಿ ಐನೂರು ಮಕ್ಕಳ ಊಟ ಮುಗಿದ ಮೇಲೆ ಅವಳಿಗೆ ಸಿಗುವುದು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ತರಕಾರಿ ಪೆಟ್ಟಿಗೆಯ ಮೇಲೆ ಕೂತು ಫೋನ್ ಹಿಡಿದರೆ ಹದಿನೆಂಟು ನಿಮಿಷ ಸಂಗೀತ. ಆಮೇಲೆ ಯಾರೋ ಬಂದು ಹೆಸರು ಕೇಳುವರು.

"ನೀವು ಶ್ರೀಮತಿ ಪೆಲಾಗಿಯಾ ಅವರೇ?"

"ಅವರ ಸೊಸೆ."

"ಕ್ಷಮಿಸಿ, ಅವರೇ ಮಾತಾಡಬೇಕು."

ರಾಜ್ಯದವರೂ ಅದನ್ನೇ ಅಂದರು, ವಾಷಿಂಗ್ಟನ್‌ನವರೂ ಅದನ್ನೇ ಅಂದರು, ಕೆವಿನ್‌ನ ಕಂಪನಿಯವರೂ ಅದನ್ನೇ ಅಂದರು. ಆ ಒಂದು ಮಾತಿನಲ್ಲಿ ಮಾತ್ರ ಮೂವರಿಗೂ ಒಗ್ಗಟ್ಟು. ಬುಧವಾರ ಕೆಲಸ ಬಿಟ್ಟವಳೇ ಹಿಮದಲ್ಲಿ ಕಾರು ಓಡಿಸಿಕೊಂಡು ಆಚೆ ಕಣಿವೆಯ ದೊಡ್ಡ ಅಂಗಡಿಗೂ ಹೋದಳು. ಅದು ಕಂಪನಿಯ ಪಟ್ಟಿಯಲ್ಲಿತ್ತು. ಅಲ್ಲಿದ್ದ ಹುಡುಗಿ, ಕಂಪನಿಯವರು ಮೊದಲು ಅಗ್ಗದ ಹಳೆಯ ಮಾತ್ರೆ ತೆಗೆದುಕೊಂಡು ನೋಡಿ ಅನ್ನುತ್ತಾರೆ, ಇದೇ ಬೇಕಾದರೆ ಅವರ ಪಟ್ಟಿಯ ಡಾಕ್ಟರು ಬರೆಯಬೇಕು ಅಂದಳು. ಬಾಬಾನ ಹೃದಯದ ಡಾಕ್ಟರು ಆ ಪಟ್ಟಿಯಲ್ಲಿ ಇರಲಿಲ್ಲ.

"ಅಮ್ಮ, ನೀವೇ ಒಂದು ಸಲ ಫೋನಲ್ಲಿ ಮಾತಾಡಿಬಿಡಿ. ಈ ಯೋಜನೆ ಬೇಡ ಅಂದ್ರೆ ಮುಗೀತು."

"ಬೇಡ ಅಂದ್ರೆ ಆ ಹುಡುಗನ ಗತಿ?"

"ಯಾವ ಹುಡುಗ?"

"ಕೆವಿನ್. ನಾನು ಬಿಟ್ರೆ ಅವನಿಗೆ ಬಂದ ಕಮಿಷನ್ ದುಡ್ಡು ವಾಪಸ್ ಕಿತ್ಕೋತಾರಂತೆ. ಅವನ ಅಜ್ಜಿ ಜೊತೆ ನಾನು ಐವತ್ತು ವರ್ಷ ಕಡುಬು ಮಡಿಚಿದೀನಿ. ನಾಳೆ ಇಗರ್ಜೀಲಿ ಯಾವ ಮುಖ ಇಟ್ಕೊಂಡು ಅವಳ ಪಕ್ಕ ಕೂರಲಿ?"

"ಮುಖ ಇರಬೇಕು ಅಂದ್ರೆ ಮೊದಲು ಜೀವ ಇರಬೇಕಲ್ಲ!"

"ಕೂಗಬೇಡ. ನನ್ನ ಕಿವಿ ಯಂತ್ರ ಹಾಕ್ಕೊಂಡಿದೀನಿ."

ಹೀಗೆ ಒಂದು ವಾರ ಹೋಯಿತು. ಮುಂದಿನ ಮಂಗಳವಾರ ಬೆಳಿಗ್ಗೆ ಕೋಲೀನ್ ಕಾಫಿಗೆ ನೀರಿಡುತ್ತಾ ಕಿಟಕಿಯ ಮೇಲಿದ್ದ ಮಾತ್ರೆಯ ಡಬ್ಬಿ ನೋಡಿದಳು. ವಾರದ ಏಳು ದಿನಕ್ಕೆ ಎರಡೆರಡು ಗೂಡಿನ ಆ ಡಬ್ಬಿಯನ್ನು ಬಾಬಾ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಇವತ್ತು ಯಾಕೋ ಕೈ ಹೋಯಿತು. ಲೆಕ್ಕದ ಪ್ರಕಾರ ನಾಳೆಗೆ ಮಾತ್ರೆ ಮುಗಿಯಬೇಕು. ಡಬ್ಬಿಯ ಪಕ್ಕದ ಸೀಸೆಯಲ್ಲಿ ಇನ್ನೂ ಮುಷ್ಟಿ ತುಂಬ ಇದ್ದವು. ರಾತ್ರಿಯ ಗೂಡುಗಳೆಲ್ಲ ಖಾಲಿ. ಅವಕ್ಕೆ ಮಾತ್ರೆ ಹಾಕಿದ ಗುರುತೇ ಇರಲಿಲ್ಲ.

"ಅಮ್ಮಾ!"

ಆ ಕೂಗಿಗೆ ವಾಸಿಲ್ ಅರ್ಧ ಗಡ್ಡ ಹೆರೆದುಕೊಂಡೇ ಓಡಿ ಬಂದ. ನೀನಾ ಮೆಟ್ಟಿಲ ಮೇಲೆ ನಿಂತಳು. ಬಾಬಾ ಮಾತ್ರ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದರು.

"ರಾತ್ರಿ ಮಾತ್ರೆ ಯಾವಾಗಿಂದ ಬಿಟ್ರಿ?"

"ಬಿಟ್ಟಿಲ್ಲ. ಉಳಿಸ್ತಿದೀನಿ."

"ಉಳಿಸೋಕೆ ಅದೇನು ಸಕ್ಕರೇನಾ?"

"ಮುಷ್ಕರದ ವರ್ಷ ನಮ್ಮಮ್ಮ ಒಂದು ಬ್ರೆಡ್ಡನ್ನ ಎಂಟು ಮಕ್ಕಳಿಗೆ ನಾಲ್ಕು ದಿನ ಎಳೆದಳು. ನನಗೂ ಎಳೆಯೋಕೆ ಬರುತ್ತೆ."

"ಬಾಬಾ," ನೀನಾ ಮೆಟ್ಟಿಲ ಮೇಲಿಂದಲೇ ಅಂದಳು. "ಆವತ್ತು ಆಂಬುಲೆನ್ಸಲ್ಲಿ ನೀನು ನನ್ನ ಹೆಸರು ಹೇಳೋಕೆ ಹೋಗಿ ಹೇಳೋಕಾಗದೆ ಅತ್ತುಬಿಟ್ಟೆ. ನನಗೆ ಅದನ್ನ ಇನ್ನೊಂದು ಸಲ ನೋಡೋಕಾಗಲ್ಲ."

ಬಾಬಾನ ಚಾಕು ನಿಂತಿತು.

"ದುಡ್ಡು ನಾನು ಕೊಡ್ತೀನಮ್ಮಾ," ವಾಸಿಲ್ ಕೆನ್ನೆಯ ನೊರೆ ಒರೆಸಿಕೊಂಡ. "ಛಾವಣಿ ಬೇಸಿಗೇಲಿ ಮಾಡಿಸಿದ್ರಾಯ್ತು."

"ಬಾಯ್ಮುಚ್ಚು. ಸೋರೋ ಮನೇಲಿ ಬದುಕಿ ಏನು ಮಾಡ್ಲಿ?"

"ಯಾರೂ ದುಡ್ಡು ಕೊಡಬೇಕಾಗಿಲ್ಲ," ಕೋಲೀನ್ ಅಂದಳು. ಈಗ ಅವಳು ಕೂಗುತ್ತಿರಲಿಲ್ಲ. ಆ ಮನೆಯಲ್ಲಿ ಅವಳು ಕೂಗದೆ ಮಾತಾಡಿದರೆ ಎಲ್ಲರಿಗೂ ಭಯ. "ಇದು ನಿಮಗೆ ಬರಬೇಕಾದದ್ದು. ಮಾವ ನಲವತ್ತು ವರ್ಷ ಟಿಕೆಟ್ ತಗೊಂಡು ಗೆದ್ದದ್ದು ಅಂತ ನೀವೇ ಹೇಳ್ತೀರಲ್ಲ? ಅದನ್ನ ಒಂದು ಅರ್ಧ ಹಾಡಿಗೆ ದಾನ ಮಾಡಿದೀರಿ. ನಾನು ವಾಪಸ್ ತರ್ತೀನಿ. ನೀವು ಬಂದ್ರೂ ತರ್ತೀನಿ, ಬರದಿದ್ರೂ ತರ್ತೀನಿ. ಬಂದ್ರೆ ಬೇಗ ಆಗುತ್ತೆ."

ಹಾಗಂದವಳೇ ಬೆಳಗಿನ ಮಾತ್ರೆ, ಒಂದು ಲೋಟ ನೀರು ಅತ್ತೆಯ ಮುಂದಿಟ್ಟು, ನುಂಗುವ ತನಕ ನಿಂತೇ ಇದ್ದಳು. ಶಾಲೆಗೆ ಆವತ್ತು ತಡವಾಯಿತು. ಸಂಜೆ ಹೃದಯದ ಡಾಕ್ಟರ ಬಳಿ ಹೋಗಿ ಕಾಡಿ ಬೇಡಿ, ಔಷಧ ಕಂಪನಿಯವರು ಪುಕ್ಕಟೆ ಕೊಟ್ಟು ಹೋದ ಮಾದರಿಯ ಮಾತ್ರೆ ತಂದಳು. ಮನೆಯಲ್ಲಿ ಉಳಿದದ್ದೂ ಸೇರಿ ತಿಂಗಳ ಕೊನೆಯವರೆಗೆ ಸಾಲುತ್ತಿತ್ತು. ಇನ್ನು ಕೇಳಬೇಡಿ ಅಂತ ಅಲ್ಲಿನ ನರ್ಸು ಮುಖಕ್ಕೆ ಹೇಳಿದಳು. ಲೆನ್‌ನನ್ನು ಕೇಳಿದರೆ, ಈ ತಿಂಗಳೊಳಗೆ ಬದಲಾವಣೆ ದಾಖಲಾದರೆ ಫೆಬ್ರವರಿ ಒಂದರಿಂದ ಹಳೆಯ ಯೋಜನೆ, ತಪ್ಪಿದರೆ ಮಾರ್ಚಿಗೆ ಅಂದ. ಹದಿನೈದು ದಿನ ಇತ್ತು.

ಗುರುವಾರ ರಾತ್ರಿ ಪಾತ್ರೆ ಒರೆಸುತ್ತಾ ಬಾಬಾ ತಾವಾಗಿಯೇ ಬಾಯಿ ಬಿಟ್ಟರು.

"ನಾಳೆ ಆ ಹುಡುಗನನ್ನ ಊಟಕ್ಕೆ ಕರಿ."

"ಯಾವ—"

"ಕೆವಿನ್. ಈ ಅಡುಗೆಮನೇಲಿ ಕೊಟ್ಟಿದೀನಿ, ಈ ಅಡುಗೆಮನೇಲೇ ವಾಪಸ್ ಕೇಳ್ತೀನಿ. ಬೆನ್ನ ಹಿಂದೆ ಫೋನಲ್ಲಿ ಹೇಳೋದು ನಮ್ಮ ಮನೇಲಿಲ್ಲ."

ಕೆವಿನ್ ಬಂದ. ಟೈ ಕಟ್ಟಿಕೊಂಡು, ಕೈಯಲ್ಲೊಂದು ಕೇಕಿನ ಡಬ್ಬಿ ಹಿಡಿದು, ಬಾಗಿಲಲ್ಲಿ ಬೂಟಿನ ಹಿಮ ಕೊಡವಿದ. ಕೋಲೀನ್ ಅವನನ್ನು ಹುರಿದು ತಿನ್ನಲು ತಯಾರಾಗಿದ್ದಳು. ಬಾಬಾ ಬಿಡಲಿಲ್ಲ. ಮೊದಲು ಸೂಪು, ಆಮೇಲೆ ಆಲೂಗಡ್ಡೆ ತುಂಬಿದ ಕಡುಬು, ಈರುಳ್ಳಿ ಹುರಿದ ಬೆಣ್ಣೆ. ಅವನು ಎರಡನೆಯ ಸಲ ಬಡಿಸಿಕೊಂಡ ಮೇಲೆ ಹೇಳಿದರು.

"ಕೆವಿನ್, ನಾನು ನಿನಗೆ ಕೊಟ್ಟ ಸಹಿ ವಾಪಸ್ ಬೇಕು."

ಅವನ ಕೈಯ ಫೋರ್ಕು ನಿಂತಿತು. "ಏನಾಯ್ತು ಬಾಬಾ?"

"ಲೆನ್ ಹತ್ರ ಮಾತ್ರೆ ಸಿಗ್ತಿಲ್ಲ. ನನ್ನ ಆಂಡ್ರೆಯ್ ಕಾರ್ಡು ನಿನ್ನ ಕಾರ್ಡಿನ ಜೊತೆ ಮಾತಾಡಲ್ವಂತೆ."

"ಆಂಡ್ರೆಯ್ ಕಾರ್ಡಾ?" ಅವನು ಕೋಲೀನ್ ಕಡೆ ತಿರುಗಿದ.

"ರಾಜ್ಯದ ಔಷಧದ ಕಾರ್ಡು," ಅಂದಳು ಕೋಲೀನ್, ಹಲ್ಲು ಕಚ್ಚಿ. "ಲಾಟರಿದು."

ಕೆವಿನ್‌ನ ಮುಖದ ಬಣ್ಣ ಇಳಿಯಿತು. ಅವನಿಗೆ ಅರ್ಥವಾದದ್ದು ಎಲ್ಲರಿಗೂ ಕಂಡಿತು. "ಅವರು ಗಂಡ ಗೆದ್ದದ್ದು ಅಂದ್ರು. ನಾನು ತಮಾಷೆ ಅಂದ್ಕೊಂಡೆ. ಇನ್ನೊಂದು ಸಲ ಕೇಳಬೇಕಿತ್ತು. ಕೇಳಿದ್ರೆ ಈ ಯೋಜನೆ ಮಾರೋಕಾಗ್ತಿರಲಿಲ್ಲ ನೋಡಿ... ಆ ತಿಂಗಳು ನನ್ನ ಲೆಕ್ಕಕ್ಕೆ ಒಬ್ಬರು ಕಮ್ಮಿಯಿದ್ರು."

ಅಷ್ಟು ನಿಜ ಹೇಳುತ್ತಾನೆ ಅಂತ ಕೋಲೀನ್ ಅಂದುಕೊಂಡಿರಲಿಲ್ಲ. ಬಯ್ಯಬೇಕೆಂದು ಇಟ್ಟುಕೊಂಡಿದ್ದ ಮಾತು ಅರ್ಧ ಅಲ್ಲೇ ಉಳಿಯಿತು.

"ನಿನ್ನಿಂದ ದುಡ್ಡು ಕಿತ್ಕೋತಾರಾ?" ಬಾಬಾ ಕೇಳಿದರು.

"ಕಿತ್ಕೋತಾರೆ. ಕಿತ್ಕೊಳ್ಳಲಿ ಬಿಡಿ." ಅವನು ಜೇಬಿನಿಂದ ಚೀಟಿ ತೆಗೆದು ಎರಡು ನಂಬರು ಬರೆದ. "ಬಾಬಾನೇ ಮಾತಾಡಬೇಕು. ರಾಜ್ಯದ ಕಾರ್ಡಿದ್ದವರು ವರ್ಷಕ್ಕೊಂದು ಸಲ ಯಾವಾಗ ಬೇಕಾದ್ರೂ ಬದಲಾಯಿಸಬಹುದು. ಹಾಗೆ ಬದಲಾಯಿಸೋ ಹಕ್ಕಿದೆ ಅಂತ ಒತ್ತಿ ಹೇಳಿ, ಇಲ್ಲದಿದ್ರೆ ಅಕ್ಟೋಬರಿಗೆ ಬನ್ನಿ ಅಂತಾರೆ. ಇಬ್ಬರೂ ಒಬ್ಬರ ಮೇಲೊಬ್ಬರು ಹಾಕ್ತಾರೆ. ಬಿಡಬೇಡಿ."

ಹೊರಡುವಾಗ ಬಾಬಾ ಅವನ ಕೈಗೆ ಬಟ್ಟೆಯಲ್ಲಿ ಸುತ್ತಿದ ಗಸಗಸೆ ರೊಟ್ಟಿ ಕೊಟ್ಟರು. ಸಹಿ ವಾಪಸ್ ಪಡೆದರೂ ಹುಡುಗನನ್ನು ಬರಿಗೈಯಲ್ಲಿ ಕಳಿಸಲಿಲ್ಲ.

ಇನ್ನು ಉಳಿದದ್ದು ಹೊತ್ತಿನ ಪ್ರಶ್ನೆ. ಕಚೇರಿಗಳು ತೆರೆದಿರುವಾಗ ಕೋಲೀನ್ ಶಾಲೆಯಲ್ಲಿ, ಅವಳು ಮನೆಗೆ ಬರುವಾಗ ಕಚೇರಿಗಳ ಸಾಲು ಮುಗಿಯುವುದಿಲ್ಲ. ನಾಲ್ಕು ದಿನ ಹಾಗೇ ಹೋಯಿತು. ಬುಧವಾರ ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಕಾರು ಕಾಣಿಸುತ್ತಿರಲಿಲ್ಲ, ಸೊಂಟದೆತ್ತರ ಹಿಮ. ಶಾಲೆಗೆ ರಜೆ ಅಂತ ರೇಡಿಯೋ ಹೇಳಿತು. ಊರಿನ ಮಕ್ಕಳೆಲ್ಲ ಕುಣಿದಾಡಿದರು. ಅವರೆಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಐವತ್ತೆಂಟರ ಕೋಲೀನ್.

ಎಂಟು ಗಂಟೆಗೆ ಸರಿಯಾಗಿ ಮೇಜಿನ ಮೇಲೆ ಹಿಟ್ಟು ಹರಡಿತ್ತು. ಶುಕ್ರವಾರದ ಮಾರಾಟಕ್ಕೆ ಬಾಬಾ ಮೂವತ್ತು ಡಜನ್ ಕಡುಬು ಒಪ್ಪಿಕೊಂಡಿದ್ದರು. ಕೈ ಖಾಲಿಯಿಟ್ಟು ಫೋನಿಗೆ ಕೂರುವ ಜಾತಿಯಲ್ಲ ಅವರದು. ಕೋಲೀನ್ ರಾಜ್ಯದ ಕಚೇರಿಗೆ ಮಾಡಿದಳು. ಮುಕ್ಕಾಲು ಗಂಟೆ ಸಂಗೀತ ಕೇಳಿಸಿ ರೋಂಡಾ ಅನ್ನುವ ಹೆಂಗಸು ಬಂದಳು. ಬಾಬಾ ಹೆಸರು ಹೇಳಿದರು, ಹುಟ್ಟಿದ ದಿನ ಹೇಳಿದರು, ಸೊಸೆ ಮಾತಾಡಲಿ ಅಂದರು.

"ನಿಮ್ಮನ್ನ ಹಳೇ ಯೋಜನೆಗೆ ಸೇರಿಸೋಕೆ ನಾವು ತಯಾರು," ಅಂದಳು ರೋಂಡಾ. "ಆದರೆ ಮೊದಲು ವಾಷಿಂಗ್ಟನ್‌ನವರು ನಿಮ್ಮನ್ನ ಈಗಿನದರಿಂದ ಬಿಡಿಸಬೇಕು."

"ಫೋನ್ ಇಡಬೇಡಿ ರೋಂಡಾ. ದಮ್ಮಯ್ಯ, ಇಡಬೇಡಿ." ಕೋಲೀನ್ ನೀನಾಳ ಫೋನ್ ಕಿತ್ತುಕೊಂಡು ಕೇಂದ್ರದವರಿಗೆ ಮಾಡಿದಳು. ಅಲ್ಲಿ ನೆಗಡಿಯಾದ ಒಬ್ಬ ಗಂಡಸು.

"ಬಿಡಿಸಬಹುದು," ಅಂದ ಅವನು ಮೂಗೆಳೆದುಕೊಂಡು. "ಆದರೆ ಈ ತಿಂಗಳಲ್ಲಿ ಬದಲಾಯಿಸೋ ಹಕ್ಕು ಇವರಿಗಿದೆ ಅಂತ ನನಗೆ ಕಾಣಿಸ್ತಿಲ್ಲ. ಅದನ್ನ ರಾಜ್ಯದವರು ಹೇಳಬೇಕು."

ಕೋಲೀನ್ ಒಂದು ಗಳಿಗೆ ಎರಡೂ ಫೋನು ನೋಡಿದಳು. ಎರಡು ವಾರದ ಸಂಗೀತ ಅವಳ ತಲೆಯಲ್ಲಿ ಮೊಳಗಿತು. ಎರಡರ ದನಿಯನ್ನೂ ಜೋರು ಮಾಡಿ, ಹಿಟ್ಟಿನ ಮೇಲೆ ಎದುರುಬದುರಾಗಿ ಇಟ್ಟಳು, ಬೀಗರನ್ನು ಮಾತಿಗೆ ಕೂರಿಸಿದ ಹಾಗೆ.

"ರೋಂಡಾ, ಇವರು ವಾಷಿಂಗ್ಟನ್‌ನವರು. ಸ್ವಾಮಿ, ಇವರು ರಾಜ್ಯದವರು. ನೀವಿಬ್ಬರೂ ಮಾತಾಡ್ಕೊಳ್ಳಿ, ನಾವು ಕಡುಬು ಮಡಿಚ್ತೀವಿ. ಮಾತು ಮುಗಿಯೋ ತನಕ ಇಲ್ಲಿ ಯಾರೂ ಫೋನ್ ಇಡಲ್ಲ."

ಆಮೇಲೆ ರೋಂಡಾ ಗಂಟಲು ಸರಿಮಾಡಿಕೊಂಡಳು. "ನಮಸ್ಕಾರ. ನಿಮಗೆ ನೆಗಡಿ ಅಂತ ಕಾಣುತ್ತೆ."

"ಹೌದು ಮೇಡಂ, ನಾಲ್ಕು ದಿನ ಆಯ್ತು."

"ಬೆಳ್ಳುಳ್ಳಿ ತಿನ್ನು ಅನ್ನು ಅವನಿಗೆ," ಬಾಬಾ ಹಿಟ್ಟು ಒತ್ತುತ್ತಾ ಅಂದರು.

ಬೆಳ್ಳುಳ್ಳಿಯಿಂದ ಶುರುವಾದ ಮಾತು ಕಾರ್ಡಿಗೆ ಬಂತು. ರೋಂಡಾ ಹಕ್ಕಿದೆ ಅಂದಳು, ಆತ ಯಾವ ನಿಯಮ ಅಂದ, ಆಕೆ ಓದಿದಳು, ಆತ ಟಪಟಪ ಒತ್ತಿದ. ಬಾಬಾ ಒಂದು ಡಜನ್ ಮಡಿಚುವಷ್ಟರಲ್ಲಿ ಎರಡು ವಾರದ ಗಂಟು ಸಡಿಲವಾಯಿತು.

"ಸರಿ," ಅಂದ ನೆಗಡಿಯವನು. "ಈಗ ಶ್ರೀಮತಿ ಫೆಡೋರ್ಚಾಕ್ ಅವರೇ ಹೇಳಬೇಕು. ನಿಮ್ಮಿಷ್ಟದಿಂದ ಈ ಯೋಜನೆ ಬಿಡ್ತೀರಾ?"

ಬಾಬಾ ಕೈಯಲ್ಲಿದ್ದ ಕಡುಬನ್ನು ಕೆಳಗಿಡಲಿಲ್ಲ.

"ಬಿಡ್ತೀನಿ. ಹುಡುಗನಿಗೆ ಹೇಳಿ ಆಗಿದೆ."

"ಯಾವ ಹುಡುಗ ಮೇಡಂ?"

"ಅದು ನಿನಗೆ ಬೇಡ. ಬಿಡ್ತೀನಿ ಅಂತ ಬರ್ಕೋ."

ರಾಜ್ಯದ ಕಾರ್ಡಿನ ನಂಬರು ಬೇಕು ಅಂದಳು ರೋಂಡಾ. ಅದು ಮಹಡಿಯ ಮೇಲೆ ಬಾಬಾನ ಪ್ರಾರ್ಥನೆಯ ಪುಸ್ತಕದಲ್ಲಿತ್ತು. ಕೋಲೀನ್ ಮೆಟ್ಟಿಲು ಹತ್ತಿ ಓಡಿದಳು. ಕಾರ್ಡಿನ ಜೊತೆಗೇ ಬಣ್ಣ ಮಾಸಿದ ಒಂದು ಲಾಟರಿ ಟಿಕೆಟ್ ಇತ್ತು. ಮಾವ ತೀರಿಕೊಂಡ ವಾರದ ಶುಕ್ರವಾರದ್ದು. ಗೆದ್ದಿತೋ ಇಲ್ಲವೋ ನೋಡಿದವರಿಲ್ಲ. ಅವಳು ಅದನ್ನು ಇದ್ದ ಹಾಗೇ ಇಟ್ಟು ಇಳಿದು ಬಂದಳು. ಅಷ್ಟರಲ್ಲಿ ಬಾಬಾ ಫೋನಿಗೆ ಬಗ್ಗಿ ಏನೋ ಹೇಳಿ ಮುಗಿಸುತ್ತಿದ್ದರು.

"ಏನು ಕೇಳಿದ್ರು?"

"ಏನೋ ಕೇಳಿದ್ರು, ಹೇಳಿದೆ. ನಂಬರ್ ಓದು. ನೀರು ಕುದೀತಿದೆ."

ಫೆಬ್ರವರಿ ಒಂದನೇ ತಾರೀಖು ಲೆನ್ ಎರಡೂ ಕಾರ್ಡು ಹಾಕಿದ. ಯಂತ್ರ ಎರಡು ಸಲ ಗುನುಗಿತು. ಹದಿನೈದು ಡಾಲರ್ ಅಂದ. ಕೋಲೀನ್ ಕೌಂಟರಿನ ಮೇಲೆ ದುಡ್ಡಿಟ್ಟು, ಕಾರಿನಲ್ಲಿ ಕೂತು, ಸ್ಟಿಯರಿಂಗಿಗೆ ಹಣೆ ಒರಗಿಸಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಮನೆಗೆ ಹೋಗಿ ಡಬ್ಬಿಯ ರಾತ್ರಿಯ ಗೂಡುಗಳನ್ನೆಲ್ಲ ತಾನೇ ತುಂಬಿದಳು. ಬಾಬಾ ನೋಡುತ್ತಾ ಕೂತಿದ್ದರು, ಮುಟ್ಟಬೇಡ ಅನ್ನಲಿಲ್ಲ.

ಮುಂದಿನ ವಾರ ರಾಜ್ಯದ ಕಚೇರಿಯಿಂದ ಕಾಗದ ಬಂತು. ಈ ಸಲ ಬಾಬಾನ ಕೈಗೆ ಸಿಗುವ ಮೊದಲೇ ನೀನಾ ಒಡೆದು, ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದಳು. ಹಳೆಯ ಯೋಜನೆಗೆ ಸೇರಿಸಲಾಗಿದೆ. ಕಂತು ನಾವು ಕಟ್ಟುತ್ತೇವೆ. ಇನ್ನು ಮುಂದೆ ನಿಮ್ಮ ಪರವಾಗಿ ಮಾತಾಡಲು ನೀವು ಸೂಚಿಸಿದವರು: ಕೋಲೀನ್ ಫೆಡೋರ್ಚಾಕ್.

"ಸಂಬಂಧ," ಅಂತ ಓದಿ ನೀನಾ ನಿಲ್ಲಿಸಿದಳು. "ಅಯ್ಯೋ, ಇಲ್ಲಿ ತಪ್ಪು ಬರೆದಿದಾರೆ. ಮಗಳು ಅಂತ ಹಾಕಿದಾರೆ."

ಬಾಬಾ ತಟ್ಟೆಯಲ್ಲಿದ್ದ ಎಲೆಕೋಸನ್ನು ಬಹಳ ಗಮನದಿಂದ ಒಂದು ಕಡೆಗೆ ಸೇರಿಸುತ್ತಿದ್ದರು.

"ಆ ಹೆಂಗಸು ಕೇಳಿದಳು, ನಾನು ಹೇಳಿದೆ," ಅಂದರು ಕೊನೆಗೆ, ತಲೆಯೆತ್ತದೆ. "ನೆಗಡಿಯಾದವನನ್ನ ಕಾಯಿಸಿ ಎಷ್ಟು ಅಂತ ವಿವರಿಸಲಿ?"

"ಹಾಗಾದ್ರೆ ನಾನು ಈ ಮನೆ ಅಳಿಯನಾ?" ಅಂದ ವಾಸಿಲ್.

"ಅಳಿಯ ಆಗಿದ್ರೆ ಇಷ್ಟೊತ್ತಿಗೆ ಮೆಟ್ಟಿಲ ಹಿಮ ತೆಗೆದಿರ್ತಿದ್ದ."

ನೀನಾ ಕಾಗದ ಹಿಡಿದುಕೊಂಡೇ ತಾಯಿಯ ಕಡೆ ತಿರುಗಿದಳು. "ಅಮ್ಮ, ನಾಳೆ ಫೋನ್ ಮಾಡಿ ತಿದ್ದಿಸ್ತೀಯಾ?"

ಕೋಲೀನ್ ಬಗ್ಗಿ ಮೇಜಿನ ಅಲುಗುವ ಕಾಲಿನ ಕೆಳಗಿದ್ದ ಹಳೆಯ ಅರ್ಜಿಯನ್ನು ಸುಮ್ಮನೆ ಒಂದು ಸಲ ಒಳಗೆ ತಳ್ಳಿದಳು; ಅದು ಅಲ್ಲೇ ಇರಲಿ. ಎದ್ದಾಗ ಅವಳ ಕಣ್ಣು ಕೆಂಪಾಗಿತ್ತು.

"ಬೇಡ," ಅಂದಳು. "ಮತ್ತೆ ಆ ಸಂಗೀತ ಕೇಳೋಕೆ ನನ್ನ ಕೈಲಾಗಲ್ಲ. ಹಾಗೇ ಇರಲಿ."